ಆರನೆಯ ತಿಂಗಳು ಎರಡು ಸಲ ಬಂದ ವರ್ಷ

ಶಾಮ್ ಶುಯ್ ಪೋದ ಬಟ್ಟೆ ಸಂತೆಯ ಹಿಂದಿನ ಓಣಿಯಲ್ಲಿ ಫುಂಗ್ ಯುಕ್-ಕಿಯು ಎಂಬವಳ ನೂಡಲ್ಸ್ ಅಂಗಡಿ ಇತ್ತು. ಇದ್ದದ್ದು ಆರೇ ಮೇಜು. ಜಾಗ ಸಾಲದಿದ್ದರೆ ಗುರುತಿಲ್ಲದವರನ್ನೂ ಎದುರುಬದುರು ಕೂರಿಸುತ್ತಿದ್ದಳು. ಒಬ್ಬರ ಮೊಣಕಾಲು ಇನ್ನೊಬ್ಬರಿಗೆ ತಾಗುತ್ತಿತ್ತು, ಒಬ್ಬರ ಸಾರಿನ ಹಬೆ ಇನ್ನೊಬ್ಬರ ಕನ್ನಡಕಕ್ಕೆ ಕಟ್ಟುತ್ತಿತ್ತು. ಹಿತ್ತಿಲ ಕಡೆ ಅವಳ ಗಂಡ ಹೋಯ್-ಸಾಂಗ್ ಬಿದಿರು ಬುಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ದಿಮ್ ಸಮ್ ಬೇಯಿಸುತ್ತಿದ್ದ: ಸೀಗಡಿ ಕಡುಬು, ಹಂದಿಮಾಂಸದ ಕಡುಬು, ಕೋಳಿ ಪಾದ. ದಿನಕ್ಕೆ ಹತ್ತು ಮಾತಾಡಿದರೆ ಅವನಿಗೆ ಅದೇ ಹೆಚ್ಚು. ಮಿಕ್ಕಿದ್ದನ್ನೆಲ್ಲ ಹೆಂಡತಿಯೇ ಆಡುತ್ತಿದ್ದಳು. ಓಣಿಯವರಿಗೆಲ್ಲ ಅವಳು ಕಿಯು ಅತ್ತಿಗೆ. ಪಕ್ಕದ ಮೆಟ್ಟಿಲ ಕೆಳಗೆ ಕೊಡೆ ರಿಪೇರಿ ಮಾಡಿಕೊಂಡಿದ್ದ ನಾನು ಅವಳಿಗೆ ಕೊಡೆ ಅಣ್ಣ.

ಅವಳ ಹಿಟ್ಟಿಗೆ ಒಂದು ತೊಟ್ಟು ನೀರು ಬೀಳುತ್ತಿರಲಿಲ್ಲ. ಬಾತುಕೋಳಿ ಮೊಟ್ಟೆ ಒಡೆದು ಹಾಕಿ ಕಲಸಿ, ಗೋಡೆಯ ತೂತಿಗೆ ಸಿಕ್ಕಿಸಿದ ದಪ್ಪ ಬೊಂಬಿನ ಇನ್ನೊಂದು ತುದಿಯ ಮೇಲೆ ಕಾಲು ಹಾಕಿ ಕೂತು, ಎದ್ದೆದ್ದು ಕುಕ್ಕಿ ಕುಕ್ಕಿ ಅದರಡಿಯ ಹಿಟ್ಟು ನಾದುವಳು. ಬೆಳಿಗ್ಗೆ ಎರಡು ತಾಸು ಇದೇ ಕೆಲಸ. ನನ್ನ ಕೊಡೆಗಳು ಗೋಡೆಯ ಮೊಳೆಯಲ್ಲಿ ತೂಗಾಡುತ್ತಿದ್ದರೆ, ಓಹೋ, ಅತ್ತಿಗೆ ಬೊಂಬು ಹತ್ತಿದ್ದಾಳೆ ಎಂದು ನನಗೆ ತಿಳಿಯುತ್ತಿತ್ತು.

ಆ ಬೊಂಬು ಅವಳಿಗೆ ಸುಲಭಕ್ಕೆ ಸಿಕ್ಕಿದ್ದಲ್ಲ. ಹೆಂಗಸು ಕಾಲು ಹಾಕಿ ಕೂತರೆ ಹಿಟ್ಟು ಕೆಡುತ್ತದೆ ಎಂದು ಅವಳ ಮಾವ ಹಟ ಹಿಡಿದಿದ್ದ. ಹದಿನಾಲ್ಕು ವರ್ಷ ಅವಳು ಈರುಳ್ಳಿ ಸೊಪ್ಪು ಹೆಚ್ಚಿಕೊಂಡು, ಬಟ್ಟಲು ತೊಳೆದುಕೊಂಡು, ಮುದುಕನ ಸೊಂಟ ಏಳುವುದು ಬೀಳುವುದನ್ನು ಕಣ್ಣಲ್ಲೇ ಕಲಿತಳು. ಆ ಸೊಂಟ ಮುರಿದ ಮಾರನೆಯ ದಿನ ಯಾರನ್ನೂ ಕೇಳದೆ ಹೋಗಿ ಬೊಂಬಿನ ಮೇಲೆ ಕೂತಳು. ಸುದ್ದಿ ಹರಡಿತು, ಅಂಗಡಿ ಖಾಲಿ ಹೊಡೆಯಿತು. ಗಂಡಸರು ಬಾಗಿಲವರೆಗೆ ಬಂದು, ಮೂಸಿ ನೋಡಿದವರಂತೆ ನೋಡಿ, ತಿರುಗಿ ಹೋಗುತ್ತಿದ್ದರು. ಒಂಬತ್ತು ದಿನ ಹೀಗೇ ನಡೆಯಿತು. ಹತ್ತನೆಯ ದಿನ ಒಳಗೆ ಬಂದು ತಿನ್ನುವ ಕಡ್ಡಿ ತೆಗೆದುಕೊಂಡು ಕೂತವಳು ಗ್ವಾಯ್ ಅಕ್ಕ.

"ಇಷ್ಟು ವರ್ಷ ಗಂಡಸರು ಕೂತು ಮಾಡಿದ್ದನ್ನೇ ತಿಂದಿದ್ದೀವಲ್ಲ, ನಮ್ಮ ಹೊಟ್ಟೇಲಿ ಏನು ಬಂಗಾರ ಬೆಳೀತು? ಹಾಕು ಒಂದು ಬಟ್ಟಲು" ಎಂದಳು. ತಿಂದು, ಬಟ್ಟಲೆತ್ತಿ ಸಾರು ಕುಡಿದು, ಬಾಗಿಲ ಹೊರಗೆ ನಿಂತಿದ್ದವರಿಗೆಲ್ಲ ಕೇಳುವಂತೆ ತೇಗಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು.

ಗ್ವಾಯ್ ಅಕ್ಕ ಹುಡುಗಿಯಾಗಿದ್ದಾಗ ಶುಂಡಕ್‌ನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವಳು. ಮದುವೆ ಒಲ್ಲೆನೆಂದು ದೇವಿಯ ಮುಂದೆ ತನ್ನ ತಲೆಯನ್ನು ತಾನೇ ಬಾಚಿಕೊಂಡು ಆಣೆ ಮಾಡಿದವಳು. ಆಮೇಲೆ ನಲವತ್ತು ವರ್ಷ ಗುಡ್ಡದ ಮೇಲಿನ ಸಾಹುಕಾರರ ಮನೆಯಲ್ಲಿ ಮಕ್ಕಳನ್ನು ಸಾಕಿ ಕೊಟ್ಟಳು. ಬಿಳಿ ಅಂಗಿ, ಕರಿ ಇಜಾರ, ಬೆನ್ನ ಮೇಲೆ ಒಂದೇ ಜಡೆ, ಕೊನೆಯವರೆಗೂ ಅದೇ ವೇಷ. ಅವಳನ್ನು ಅಜ್ಜಿ ಎಂದವರಿಗೆ ಗ್ರಹಚಾರ ಕಾದಿರುತ್ತಿತ್ತು. "ಮದುವೇನೇ ಆಗದವಳನ್ನ ಅಜ್ಜಿ ಮಾಡಿದವನು ಯಾರೋ? ನಿಮ್ಮಪ್ಪನಾ?" ಎಂದು ಕೇಳುತ್ತಿದ್ದಳು. ಹಾಗಾಗಿ ಎಂಬತ್ತಾದರೂ ಅವಳು ಎಲ್ಲರಿಗೂ ಅಕ್ಕನೇ.

ವರ್ಷ ಕಳೆದಂತೆ ಅವಳ ಹಲ್ಲು ಉದುರಿದವು. ಕಟ್ಟಿಸಿಕೊಂಡ ಹಲ್ಲು ಒಸಡಿಗೆ ಒತ್ತುತ್ತದೆಂದು ಡಬ್ಬಿಯಲ್ಲಿಟ್ಟು ಮರೆತಳು. ಇಲ್ಲಿ ಕಿಯುಗೆ ಪೇಚಾಟ ಶುರುವಾಯಿತು. ಬೊಂಬಿನಲ್ಲಿ ನಾದಿದ ನೂಡಲ್ಸಿನ ಜೀವವೇ ಅದರ ಪುಟಿತ. ಕುದಿನೀರಿಗೆ ಬಿಟ್ಟು ಹತ್ತು ಎಣಿಸುವುದರೊಳಗೆ ಎತ್ತಬೇಕು, ತಣ್ಣೀರಿಗೆ ಅದ್ದಬೇಕು, ಮತ್ತೊಮ್ಮೆ ಬಿಸಿ ತೋರಿಸಿ ಬಡಿಸಬೇಕು. ಸ್ವಲ್ಪ ಮೆತ್ತಗೆ ಬೇಯಿಸಿ ಎಂದು ಯಾರಾದರೂ ಕೇಳಿದರೆ, "ಮೆತ್ತಗೆ ಬೇಕಾದ್ರೆ ಆಸ್ಪತ್ರೇಲಿ ಮಲ್ಕೊಳ್ಳಿ, ಗಂಜಿ ಕೊಡ್ತಾರೆ" ಎಂದು ಮುಖ ತಿರುಗಿಸುವವಳು ಅವಳು. ಗ್ವಾಯ್ ಅಕ್ಕನಿಗಾಗಿಯೂ ಅವಳು ಒಂದು ಎಣಿಕೆ ಹೆಚ್ಚು ಬೇಯಿಸಲಿಲ್ಲ. ಅದರ ಬದಲು ಸೊಂಟಕ್ಕೆ ದಾರದಲ್ಲಿ ಕಟ್ಟಿಕೊಂಡ ಕತ್ತರಿಯಿಂದ ಬಟ್ಟಲಿನೊಳಗೇ ಕತ್ತರಿಸಿಕೊಟ್ಟಳು. ಕಚ ಕಚ ಕಚ ಕಚ ಎಂದು ನಾಲ್ಕು ಸಲ, ಬಟ್ಟಲು ತಿರುಗಿಸಿ ಇನ್ನು ನಾಲ್ಕು ಸಲ. ಬೆಳಿಗ್ಗೆ ಹನ್ನೊಂದಕ್ಕೆ ಗ್ವಾಯ್ ಅಕ್ಕ ಬಂದು ಕೂರುವುದು, ಬಟ್ಟಲು ಬರುವುದು, ಎಂಟು ಸಲ ಕತ್ತರಿ ಆಡುವುದು. ಆರು ವರ್ಷ ಹೀಗೆ ನಡೆದು ಬಂತು. ಮಾತಾಡುತ್ತ, ಬೇರೆ ಕಡೆ ನೋಡುತ್ತಲೇ ಕತ್ತರಿಸುವಷ್ಟು ಕೈಗೆ ರೂಢಿಯಾಗಿತ್ತು.

ಅಕ್ಕನ ಎಂಬತ್ತನೆಯ ಹುಟ್ಟುಹಬ್ಬ ಆರನೆಯ ತಿಂಗಳ ಹನ್ನೆರಡನೆಯ ದಿನ ಬಂತು. ನಮ್ಮಲ್ಲಿ ಗಂಡಸರಿಗೆ ಎಂಬತ್ತಕ್ಕೆ, ಹೆಂಗಸರಿಗೆ ಎಂಬತ್ತೊಂದಕ್ಕೆ ದೊಡ್ಡದಾಗಿ ಮಾಡುವ ಪದ್ಧತಿ. ಕಿಯು ಅದನ್ನೇ ಹೇಳಿದಳು. ಅಕ್ಕ ಕೇಳಲಿಲ್ಲ.

"ಮುಂದಿನ ವರ್ಷ ನಾನಿರ್ತೀನಿ ಅಂತ ನಿಂಗೆ ಕಾಗದ ಬಂದಿದೆಯಾ? ಈಗ್ಲೇ ಮಾಡ್ಬಿಡು."

ಮಾಡಿದರು. ಅಕ್ಕನ ಜೊತೆ ಆಣೆ ಮಾಡಿದ್ದವರಲ್ಲಿ ಬದುಕಿದ್ದ ಇಬ್ಬರು ಗೆಳತಿಯರು ಬಿಳಿ ಅಂಗಿಗೆ ಗಂಜಿ ಹಾಕಿಕೊಂಡು ಬಂದರು. ಹೋಯ್-ಸಾಂಗ್ ಪೀಚ್ ಹಣ್ಣಿನ ಆಕಾರದ ಸಿಹಿ ಕಡುಬು ಮಾಡಿದ. ಕಿಯು ಆಯುಷ್ಯದ ನೂಡಲ್ಸ್ ಮಾಡಿದಳು. ಹುಟ್ಟುಹಬ್ಬದ ನೂಡಲ್ಸ್ ಎಷ್ಟುದ್ದವೋ ಆಯಸ್ಸು ಅಷ್ಟುದ್ದ. ಅದನ್ನು ಕತ್ತರಿಸುವಂತಿಲ್ಲ, ಕಚ್ಚುವಂತಿಲ್ಲ, ಎಳೆದುಕೊಂಡು ನುಂಗಬೇಕು. ಮಾರುದ್ದದ ಎಳೆಗಳನ್ನು ಕೆಂಪು ಬಟ್ಟಲಿಗೆ ಸುರುಳಿ ಸುತ್ತಿ ಹಾಕಿ, ಮೇಲೆ ಬಿಸಿ ಸಾರು ಹೊಯ್ದು, ತಾನೇ ತಂದು ಅಕ್ಕನ ಮುಂದಿಟ್ಟಳು. ಗೆಳತಿಯರ ಪೈಕಿ ಒಬ್ಬಳು ಏನೋ ತಮಾಷೆ ಹೇಳಿದಳು. ಕಿಯು ಅವಳ ಕಡೆ ತಿರುಗಿ ನಕ್ಕಳು. ನಗುತ್ತಲೇ ಇದ್ದಳು, ಕೈ ಸೊಂಟಕ್ಕೆ ಹೋಯಿತು.

ಕಚ ಕಚ ಕಚ ಕಚ.

ಬಟ್ಟಲನ್ನು ತಿರುಗಿಸುವಾಗ ಅವಳಿಗೆ ಎಚ್ಚರವಾಯಿತು. ಪಕ್ಕದ ಮೇಜಿನಲ್ಲಿದ್ದ ನಾನು ಬಾಯಲ್ಲಿದ್ದ ಕಡುಬನ್ನು ಅಗಿಯುವುದು ಬಿಟ್ಟು ಕೂತಿದ್ದೆ. ಎಲ್ಲರದೂ ಅದೇ ಗತಿ.

"ಬಿಡ್ತು ಅನ್ನು! ಬಿಡ್ತು ಅನ್ನು!" ಎಂದು ಒಬ್ಬ ಗೆಳತಿ ನೆಲಕ್ಕೆ ಉಗುಳಿದಳು.

ಅಕ್ಕ ಕಡ್ಡಿಗಳನ್ನು ಜೋಡಿಸಿ ಕೆಳಗಿಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಅಕ್ಕಾ, ನಾನು... ನನ್ನ ಕೈ..."

"ಇರ್ಲಿ ಕಿಯು. ನೀನು ಮಾಡಿದ್ದಲ್ಲ ಅದು. ಹೇಳಬೇಕಾದ್ದನ್ನ ಮೇಲಿನವರು ನಿನ್ನ ಕೈಲಿ ಹೇಳ್ಸಿದ್ರು, ಅಷ್ಟೇ" ಎಂದು ಎದ್ದು, ಗೆಳತಿಯರ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ತನ್ನ ಕೋಣೆಗೆ ಹೋದಳು.

ಮಾರನೆಯ ದಿನ ಹನ್ನೊಂದಕ್ಕೆ ಅವಳ ಕುರ್ಚಿ ಖಾಲಿ ಇತ್ತು. ಕಿಯು ಅಲ್ಲಿ ಯಾರನ್ನೂ ಕೂರಗೊಡಲಿಲ್ಲ. ಅಪಶಕುನ ಕಳೆಯುವುದಕ್ಕೆ ಕೆಂಪು ಕಾಗದದಲ್ಲಿ ಕೆಂಪು ದಾರ, ಸಕ್ಕರೆ ಮಿಠಾಯಿ ಸುತ್ತಿಕೊಂಡು ಮೂರನೆಯ ಮಹಡಿಗೆ ಹೋದಳು. ತಾಸು ಬಿಟ್ಟು ಇಳಿದು ಬಂದು ನನ್ನ ಮುರುಕು ಕೊಡೆಗಳ ನಡುವೆ ಕೂತಳು.

"ಕೊಡೆ ಅಣ್ಣ, ಬೈದಿದ್ರೆ ತಡ್ಕೋತಿದ್ದೆ. ಹೊಡೆದಿದ್ರೂ ತಡ್ಕೋತಿದ್ದೆ. ಅವರು ಸಾಯುವಾಗ ಉಟ್ಕೊಳ್ಳೋ ಬಟ್ಟೆ ತೆಗೆದು ಇಸ್ತ್ರಿ ಮಾಡ್ತಿದಾರೆ. ಕೈಬಳೆ ಬಿಚ್ಚಿ ನಂಗೆ ಕೊಡೋಕೆ ಬಂದ್ರು."

"ತಗೊಂಡ್ಯಾ?"

"ಥೂ! ಅದನ್ನ ತಗೊಂಡ್ರೆ ಹೋಗಿ ಬನ್ನಿ ಅಂದ ಹಾಗಲ್ವಾ?"

ಆ ದಿನದಿಂದ ಅವಳು ಎರಡು ಹೊತ್ತೂ ಸಾರು, ಕಡುಬು ಹೊತ್ತುಕೊಂಡು ಮಹಡಿ ಹತ್ತಿದಳು. ಅಕ್ಕ ಚೆನ್ನಾಗಿ ಮಾತಾಡಿಸಿ ಕಳಿಸುತ್ತಿದ್ದಳು, ಪಾತ್ರೆ ತುಂಬಿದ್ದು ತುಂಬಿದಂತೆಯೇ ಕೆಳಗಿಳಿಯುತ್ತಿತ್ತು. ಬರೀ ಅನ್ನದ ತಿಳಿ ಕುಡಿದು ಮಲಗುತ್ತಾಳೆ, ಅಂಗಿ ಒಳಗೆ ಮೈ ಇದೆಯೋ ಇಲ್ಲವೋ ತಿಳಿಯುವುದಿಲ್ಲ ಎಂದು ಗೆಳತಿಯರು ಹೇಳಿದರು. ಸಾವು ಬಂದಿದೆ ಎಂದು ನಂಬಿದವರಿಗೆ ಔಷಧಿ ಎಲ್ಲಿಂದ ತರುವುದು? ಅಂಗಡಿಯಲ್ಲಿ ಕಿಯುವಿನ ಬೈಗುಳವೂ ನಿಂತಿತು. ತಪ್ಪು ಬಟ್ಟಲು ಹೋದರೂ ಸುಮ್ಮನೆ, ಯಾರೋ ಸಾರಿಗೆ ಉಪ್ಪು ಕಡಿಮೆ ಎಂದರೂ ಸುಮ್ಮನೆ. ತಿನ್ನಲು ಬಂದವರು ತಲೆ ತಗ್ಗಿಸಿ ತಿಂದು ಹೋಗುತ್ತಿದ್ದರು.

ಹೀಗೆ ಎರಡು ವಾರ ದಾಟಿತು. ಒಂದು ಬೆಳಿಗ್ಗೆ ಕಿಯು ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದವಳು ಅಲ್ಲೇ ನಿಂತುಬಿಟ್ಟಳು. ಹೊಸ ತಿಂಗಳ ಮೊದಲ ದಿನ. ಏಳನೆಯ ತಿಂಗಳಲ್ಲ, ಅಧಿಕ ಆರನೆಯ ತಿಂಗಳು. ಆ ವರ್ಷ ಆರನೆಯ ತಿಂಗಳು ಎರಡು ಸಲ ಬರುತ್ತದೆಂದು ನಮಗೆಲ್ಲ ಗೊತ್ತೇ ಇತ್ತು. ಗೊತ್ತಿದ್ದೂ ಯಾರಿಗೂ ಹೊಳೆದಿರಲಿಲ್ಲ.

"ಅಣ್ಣ, ಏಳಿ" ಎಂದು ನನ್ನ ತೋಳು ಹಿಡಿದಳು. "ನಾನೊಬ್ಬಳೇ ಹೋದ್ರೆ ಅವರು ಬಾಯಿ ಮುಚ್ಚಿಸ್ತಾರೆ. ನೀವು ಸುಮ್ನೆ ಬಂದು ನಿಂತ್ಕೊಳ್ಳಿ."

ಅಕ್ಕ ಗೋಡೆಗೆ ದಿಂಬು ಒತ್ತಿಕೊಂಡು ಕೂತಿದ್ದಳು. ಕಿಯು ಉಸಿರು ತಿರುಗುವ ಮೊದಲೇ ಹೇಳಿದಳು: "ಅಕ್ಕ, ಇನ್ನು ಹನ್ನೊಂದು ದಿನಕ್ಕೆ ನಿಮ್ಮ ಹುಟ್ಟುಹಬ್ಬ."

"ಆಯ್ತಲ್ಲ."

"ಅದು ಮೊದಲ ಆರನೇ ತಿಂಗಳು. ಇದು ಎರಡನೇದು."

"ಹುಚ್ಚಿ. ಅಧಿಕದಲ್ಲಿ ಯಾರಾದ್ರೂ ಹುಟ್ಟುಹಬ್ಬ ಮಾಡ್ತಾರಾ? ಒಂದೇ ವರ್ಷಕ್ಕೆ ಎರಡು ವಯಸ್ಸು ಏರುತ್ತೆ. ನಮ್ಮಮ್ಮ ಹೇಳ್ತಿದ್ಲು."

"ಏರ್ಲಿ! ನಂಗೆ ಬೇಕಾಗಿರೋದೂ ಅದೇ." ಕಿಯು ಮಂಚದ ಅಂಚಿಗೆ ಕೂತೇಬಿಟ್ಟಳು. "ಕತ್ತರಿ ಬಿದ್ದಿದ್ದು ಎಂಬತ್ತಕ್ಕೆ. ಈಗ ಎರಡು ಸಲ ಎಣಿಸಿದ್ರೆ ನಿಮಗೆ ಎಂಬತ್ತೊಂದು. ಎಂಬತ್ತೊಂದು ತುಂಬಿದವರಿಗೆ ಎಂಬತ್ತರಲ್ಲಿ ಆಯಸ್ಸು ಮುಗೀತು ಅನ್ನೋಕಾಗುತ್ತಾ? ಹೆಂಗಸರಿಗೆ ದೊಡ್ಡದು ಎಂಬತ್ತೊಂದೇ ಅಂತ ನಾನು ಮೊದ್ಲೇ ಬಡ್ಕೊಂಡೆ. ನೀವೇ ಕೇಳ್ಲಿಲ್ಲ. ತಪ್ಪು ಮೊದ್ಲು ನಿಮ್ಮದು!"

ಅಕ್ಕ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳ ತುಟಿ ಸ್ವಲ್ಪ ಅಲುಗಿತು.

"ಇವಳು ವಕೀಲೆ ಆಗ್ಬೇಕಿತ್ತು, ಬೊಂಬು ಹತ್ತಿ ಕೂತ್ಲು" ಎಂದಳು. ಆಮೇಲೆ ಸುಸ್ತಾದವಳಂತೆ, "ಆದ್ರೆ ತಿನ್ನೋದು ಹೆಂಗೆ ಕಿಯು? ಆವತ್ತಾದ್ರೆ ಹೆಂಗೋ ನುಂಗ್ತಿದ್ದೆ, ಈಗ ಮೈಯಲ್ಲಿ ಕಸುವಿಲ್ಲ. ಕತ್ತರಿಸೋ ಹಾಗಿಲ್ಲ, ಕಚ್ಚೋ ಹಾಗಿಲ್ಲ. ನಿನ್ನ ನೂಡಲ್ಸು ರಬ್ಬರು. ಗಂಟಲಿಗೆ ಸಿಕ್ಕಿ ಅಲ್ಲೇ ಹೋದ್ರೆ, ಎರಡನೇ ಹುಟ್ಟುಹಬ್ಬಕ್ಕೆ ದುರಾಸೆ ಪಟ್ಲು ಮುದುಕಿ ಅಂತ ಊರು ನಗುತ್ತೆ" ಎಂದಳು.

ಕಿಯು ಎದ್ದು ಮೆಟ್ಟಿಲು ಇಳಿದಳು.

ಮೆತ್ತಗೆ ಬೇಯಿಸದೆ ಬೇರೆ ದಾರಿ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಮಧ್ಯಾಹ್ನದ ಗಿರಾಕಿ ಕರಗಿದ ಮೇಲೆ ಒಲೆಯ ಮುಂದೆ ನಿಂತು, ಜೀವಮಾನದಲ್ಲಿ ಮಾಡದ್ದನ್ನು ಮಾಡಿದಳು. ಹತ್ತು ಎಣಿಸಿದಳು, ಎತ್ತಲಿಲ್ಲ. ನೂರು ಎಣಿಸಿದಳು. ಎಳೆಗಳು ಊದಿಕೊಂಡು, ಹಳದಿ ಬಣ್ಣ ಬಿಟ್ಟು, ಬಿಳಿಚಿಕೊಂಡವು. ಎತ್ತಲು ಹೋದರೆ ಜಾಲರಿಯಲ್ಲಿ ತುಂಡಾಗಿ ಕಳಚಿಬಿದ್ದವು. ಮಾರನೆಯ ದಿನ ಚಪ್ಪಟೆ ಸೌಟು ಹಿಡಿದಳು, ಆಗಲೂ ತುಂಡು. ಮೂರನೆಯ ದಿನ ದಪ್ಪ ಎಳೆ ಮಾಡಿದಳು. ಹೊರಗೆ ಅಂಟು, ಒಳಗೆ ರಬ್ಬರು. ಗಟ್ಟಿ ಇದ್ದರೆ ಅಕ್ಕ ನುಂಗಲಾರಳು, ಮೆತ್ತಗಾದರೆ ಬಟ್ಟಲಿಗೆ ಬರುವ ಮೊದಲೇ ಕಡಿಯುತ್ತದೆ. ಐದನೆಯ ದಿನ ಅವಳು ಸೌಟು ಎಸೆದು, ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಮುಖಕ್ಕೆ ಏಪ್ರನ್ ಒತ್ತಿಕೊಂಡಳು.

ಹೋಯ್-ಸಾಂಗ್ ಹಬೆಯ ಒಳಗಿಂದ ಬಂದ. ನೀರಿನಲ್ಲಿ ತೇಲುತ್ತಿದ್ದ ತುಂಡುಗಳನ್ನು ನೋಡಿದ.

"ಎತ್ತಬೇಡ" ಎಂದ. "ಹಸೀದನ್ನೇ ಬಟ್ಟಲಿಗೆ ಹಾಕು. ಸಾರು ಹೊಯ್ಯಿ. ಇಲ್ಲಿ ಕೊಡು."

ಬಟ್ಟಲನ್ನು ಬಿದಿರು ಬುಟ್ಟಿಯಲ್ಲಿಟ್ಟು ಮುಚ್ಚಳ ಮುಚ್ಚಿದ. ಬೊಂಬಿನ ನೂಡಲ್ಸನ್ನು ಕಡುಬಿನಂತೆ ಹಬೆಯಲ್ಲಿ ಬೇಯಿಸುವುದೆಂದರೆ ಅವಳ ಮಾವ ಗೋರಿಯಿಂದ ಎದ್ದು ಬರುವಂಥ ಮಾತು. ಕಿಯು ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡು ಗಂಡನ ಪಕ್ಕ ಹೋಗಿ ನಿಂತಳು.

ಅಧಿಕದ ಹನ್ನೆರಡನೆಯ ದಿನ ಅಕ್ಕ ಬರುವಳೆಂದು ನಮಗ್ಯಾರಿಗೂ ನಂಬಿಕೆ ಇರಲಿಲ್ಲ. ಬಂದಳು. ಇಬ್ಬರು ಗೆಳತಿಯರು ಎರಡು ಕಡೆ ಹಿಡಿದಿದ್ದರು. ಇಳಿದು ಬರಲು ಕಾಲು ತಾಸು ಹಿಡಿಯಿತು. ಕುರ್ಚಿಯಲ್ಲಿ ಅವಳು ಕೂತದ್ದಕ್ಕಿಂತ ಅಂಗಿ ಕೂತದ್ದೇ ಹೆಚ್ಚಾಗಿ ಕಂಡಿತು. ಕಿಯುವಿನ ಸೊಂಟದಲ್ಲಿ ಆ ದಿನ ಬರೀ ದಾರ ಇತ್ತು. ಎರಡು ಕೈಯಲ್ಲೂ ಬಟ್ಟೆ ಹಿಡಿದು ಬಟ್ಟಲು ತಂದಿಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

ಅಕ್ಕ ಬಾಗಿ ಎಳೆಯ ತುದಿಯನ್ನು ತುಟಿಗೆ ಹಿಡಿದಳು. ಎಳೆದುಕೊಂಡಳು, ನಿಂತಳು, ಮೂಗಿನಲ್ಲಿ ಉಸಿರು ಬಿಟ್ಟಳು, ಮತ್ತೆ ಎಳೆದುಕೊಂಡಳು. ಕೆನ್ನೆಗಳು ಗುಳಿ ಬಿದ್ದವು. ಒಂದು ಸಲ ಕೆಮ್ಮು ಬಂದು ಕಣ್ಣಲ್ಲಿ ನೀರು ತುಂಬಿತು. ಗೆಳತಿ ಬೆನ್ನು ಸವರಲು ಹೋದರೆ ಕೈಯಿಂದ ತಳ್ಳಿದಳು. ಎಳೆ ತುಟಿಯಿಂದ ಬಟ್ಟಲಿಗೆ ತೂಗುತ್ತಲೇ ಇತ್ತು. ಅಂಗಡಿಯಲ್ಲಿ ಒಂದು ಕಡ್ಡಿಯ ಸದ್ದೂ ಇರಲಿಲ್ಲ. ಹೋಯ್-ಸಾಂಗ್ ಕೂಡ ಹಬೆ ಬಿಟ್ಟು ಬಾಗಿಲಿಗೆ ಬಂದಿದ್ದ. ಕೊನೆಗೆ ತುದಿ ಸಾರಿನಿಂದ ಎದ್ದು, ಗಲ್ಲಕ್ಕೆ ಒಮ್ಮೆ ಬಡಿದು, ಒಳಗೆ ಹೋಯಿತು.

ಅಕ್ಕ ಗಲ್ಲ ಒರೆಸಿಕೊಂಡಳು. ಚಹಾ ಕುಡಿದಳು. ಆಮೇಲೆ ಬಟ್ಟಲನ್ನು ದೂರ ತಳ್ಳಿದಳು.

"ಥೂ, ಇದೇನು ನೂಡಲ್ಸಾ? ಗೋಡೆಗೆ ಕಾಗದ ಅಂಟಿಸೋ ಅಂಟು."

"ಹೌದಕ್ಕ" ಎಂದಳು ಕಿಯು.

"ನಾಳೆ ಏನಾದ್ರೂ ಇದನ್ನೇ ತಂದಿಟ್ಯೋ, ನಿನ್ನ ತಲೆ ಮೇಲೆ ಸುರೀತೀನಿ."

"ನಾಳೆ... ಎಷ್ಟು ಹೊತ್ತಿಗೆ ಬರ್ತೀರಿ ಅಕ್ಕ?"

"ಇದೇನು ಹೊಸದಾಗಿ ಕೇಳ್ತೀಯ? ಹನ್ನೊಂದಕ್ಕೆ."

ಕಿಯು ಸರಕ್ಕನೆ ಒಲೆಯ ಕಡೆ ತಿರುಗಿದಳು. ಅವಳ ಭುಜ ಎರಡು ಮೂರು ಸಲ ಕುಲುಕಿತು. ಆಮೇಲೆ ಸೌಟಿನಿಂದ ಕೊಪ್ಪರಿಗೆಯ ಅಂಚಿಗೆ ಢಣ್ಣನೆ ಬಾರಿಸಿ, ಒಂದು ತಿಂಗಳಿಂದ ನಾವು ಕೇಳದ ಗಂಟಲಲ್ಲಿ ನಮ್ಮೆಲ್ಲರ ಮೇಲೆ ಹಾರಿಬಿದ್ದಳು.

"ಏನ್ ನೋಡ್ತಾ ಕೂತಿದೀರಿ ಬಾಯಿ ಬಿಟ್ಕೊಂಡು? ಬಟ್ಟಲಲ್ಲಿ ನೂಡಲ್ಸ್ ಸಾಯ್ತಾ ಇದೆ, ತಿನ್ರೋ!"