ಸೊಹಾರಿಗೆ ತಲುಪದ ಸಿಗಡಿ ಚಟ್ನಿ

ನಮ್ಮ ಕಡೆ ಯಾರಾದರೂ ಗಲ್ಫಿಗೆ ಹೊರಟರೆ ಅವರ ಬ್ಯಾಗಿನಲ್ಲಿ ಅರ್ಧ ಜಾಗ ಊರಿನವರದ್ದು. ಟಿಕೆಟ್ ಆಯಿತೆಂಬ ಸುದ್ದಿ ಕಕ್ಕಿಂಜೆ ಪೇಟೆ ದಾಟುವುದರೊಳಗೆ ಒಬ್ಬೊಬ್ಬರೇ ಅಂಗಳಕ್ಕೆ ಬರುತ್ತಾರೆ. ಕೈಯಲ್ಲೊಂದು ಕಟ್ಟು, ಬಾಯಲ್ಲಿ ಒಂದೇ ಮಾತು: "ಭಾರ ಏನಿಲ್ಲ, ಇಷ್ಟೇ ಇಷ್ಟು." ಮಸ್ಕತ್ತಿನ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನೀಶಿಯನ್ ಕೆಲಸ ಸಿಕ್ಕಿ ನಾನು ಹೊರಟಾಗಲೂ ಹಾಗೇ ಆಯಿತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ನನ್ನ ಎರಡು ಚೂಡಿದಾರ್ ಹೊರಗೆ ತೆಗೆದು ಕಂಡವರ ಹಪ್ಪಳ ತುಂಬಬೇಕಾ ಎಂದು ಅಮ್ಮನ ಮೇಲೆ ಹಾರಾಡಿದೆ. "ನಾಳೆ ನಿನಗೂ ಯಾರಾದರೂ ತರಬೇಕಲ್ಲ" ಎಂದು ಅಮ್ಮ ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಿದರು.

ಕೊನೆಗೆ ಬಂದವರು ಪಕ್ಕದ ಮನೆಯ ಮಾಮಿ. ಅವರ ಕಿರಿಯ ಮಗ ಸೊಹಾರಿನಲ್ಲಿ ಟ್ರೇಲರ್ ಓಡಿಸುತ್ತಾನೆ. ಮಸ್ಕತ್ತಿನಿಂದ ಎರಡೂವರೆ ಗಂಟೆ ದಾರಿ. ಚಿಕ್ಕಂದಿನಿಂದ ನಾನು ಅಣ್ಣ ಎಂದೇ ಕರೆದವನು. ಅವನಿಗೆಂದು ಮಾಮಿ ತಂದದ್ದು ಒಂದು ಗಾಜಿನ ಬಾಟಲಿ ತುಂಬ ಒಣ ಸಿಗಡಿ ಚಟ್ನಿ. ಮಾಮಿಯ ಚಟ್ನಿಗೆ ನಮ್ಮಲ್ಲಿ ಹೆಸರಿತ್ತು. ಆದರೆ ಹಿಂದಿನ ಮಳೆಗಾಲದಲ್ಲಿ ಬಂದ ಜ್ವರ ಅವರ ನಾಲಗೆಯ ರುಚಿಯನ್ನೇ ತೆಗೆದುಕೊಂಡು ಹೋಗಿತ್ತು. ಉಪ್ಪು ಯಾವುದು, ಹುಳಿ ಯಾವುದು ಒಂದೂ ಗೊತ್ತಾಗುತ್ತಿರಲಿಲ್ಲ.

"ಕೈ ಅಂದಾಜಿನಲ್ಲಿ ಮಾಡಿದ್ದು ಮಗಾ" ಎಂದರು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. "ಮನೆಯಲ್ಲಿ ಇವರನ್ನೆಲ್ಲ ಕೇಳಿ ಪ್ರಯೋಜನ ಇಲ್ಲ. ಸೊಸೆ ಪಾಪ, ಏನು ಕೊಟ್ಟರೂ ಲಾಯ್ಕ ಉಂಟು ಅಂತ ಹೇಳ್ತಾಳೆ. ಅವನ ನಾಲಗೆ ಹಾಗಲ್ಲ. ಅವನು ತಿಂದು ಹೇಳಲಿ. ಸರಿ ಉಂಟು ಅಂದರೆ ಇನ್ನೂ ಮಾಡ್ತೇನೆ. ಇಲ್ಲ ಅಂದರೆ ನನ್ನ ಅಡುಗೆ ಇಲ್ಲಿಗೆ ಸಾಕು."

ಬಾಟಲಿಯನ್ನು ನಾಲ್ಕು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ, ಗೊಣಗುತ್ತಲೇ ಬಟ್ಟೆಗಳ ನಡುವೆ ಇಟ್ಟೆ. ಮಸ್ಕತ್ ಏರ್‌ಪೋರ್ಟಿನಲ್ಲಿ ಯಾರೂ ಅದನ್ನು ತಿರುಗಿಯೂ ನೋಡಲಿಲ್ಲ.

ಮಸ್ಕತ್ತಿನ ರೂವಿ ಬಡಾವಣೆಯಲ್ಲಿ ನನಗೆ ಸಿಕ್ಕಿದ್ದು ಕೋಣೆಯಲ್ಲ, ಒಂದು ಕೋಣೆಯೊಳಗಿನ ಒಂದು ಮಂಚ. ಉಳಿದ ಮೂರು ಮಂಚಗಳಲ್ಲಿ ಕೇರಳದ ಇಬ್ಬರು ನರ್ಸುಗಳು, ಬ್ಯೂಟಿ ಪಾರ್ಲರಿನಲ್ಲಿ ದುಡಿಯುವ ಒಬ್ಬಳು ಫಿಲಿಪಿನೋ ಹುಡುಗಿ. ಅಡುಗೆಮನೆಯಲ್ಲಿ ನನ್ನ ಸರದಿ ಸಂಜೆ ಏಳರಿಂದ ಏಳೂವರೆ. ಕೆಲಸದ ಮೊದಲ ದಿನ ರಕ್ತ ತೆಗೆಯಲು ಒಬ್ಬ ಮುದುಕನಿಗೆ ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. ಅವನು ಕೈ ಎಳೆದುಕೊಂಡ. ಲ್ಯಾಬಿನಲ್ಲಿ ನನ್ನ ಮೇಲಿನವಳು ಎಲ್ಲರೆದುರು, "ಊರಲ್ಲಿ ಏನು ಕಲಿತು ಬಂದದ್ದು?" ಎಂದಳು. ಹೊರಗೆ ಬಂದರೆ ಕಟ್ಟಡಗಳೆಲ್ಲ ಒಂದೇ ಬಿಳಿ. ಎಡಕ್ಕೆ ಹೋಗಬೇಕಾದವಳು ಬಲಕ್ಕೆ ಹೋಗಿ, ಬೆವರು ಸುರಿಸಿಕೊಂಡು ಅರ್ಧ ಗಂಟೆ ಸುತ್ತಿದೆ. ಮೂರು ದಿನ ಕುಬ್ಬೂಸ್ ರೊಟ್ಟಿ, ಮೊಸರು ತಿಂದು ಕಳೆದೆ. ಅಮ್ಮನಿಗೆ ಫೋನಿನಲ್ಲಿ "ಎಲ್ಲ ಸರಿ ಉಂಟು" ಎಂದು ಹೇಳಿ, ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ನಾಲ್ಕನೆಯ ದಿನ ಆ ನರ್ಸುಗಳ ಹತ್ತಿರ ಒಂದು ಹಿಡಿ ಕುಚ್ಚಲಕ್ಕಿ ಇಸಕೊಂಡು ಗಂಜಿ ಬೇಯಿಸಿದೆ. ನೆಂಚಿಕೊಳ್ಳಲು ಏನೂ ಇರಲಿಲ್ಲ. ಬಾಟಲಿ ಮಂಚದ ಕೆಳಗೆ ಇತ್ತು. ಒಂದು ಚಮಚ ತೆಗೆದರೆ ಯಾರಿಗೆ ಗೊತ್ತಾಗುತ್ತದೆ ಎಂದು ತೆಗೆದೆ.

ಅಬ್ಬಾ! ಉಪ್ಪು, ಹುಳಿ, ಖಾರ ಒಂದೂ ಆಚೀಚೆ ಆಗಿರಲಿಲ್ಲ. ಹುರಿದ ತೆಂಗಿನಕಾಯಿಯ ಪರಿಮಳ ಮೂಗಿಗೆ ಬಡಿಯುತ್ತಿತ್ತು. ತಟ್ಟೆ ನೆಕ್ಕಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಚಮಚದ ಬೆನ್ನಿನಿಂದ ಬಾಟಲಿಯ ಚಟ್ನಿಯನ್ನು ಸಮ ಮಾಡಿ ಮುಚ್ಚಿಟ್ಟೆ. ಮರುದಿನ ಇನ್ನೊಂದು ಚಮಚ. ಅದರ ಮರುದಿನ ಎರಡು. ನಾನು ಮುಚ್ಚಳ ತೆಗೆದ ಕೂಡಲೇ ಫಿಲಿಪಿನೋ ಹುಡುಗಿ ಹೋಗಿ ಕಿಟಕಿ ತೆರೆಯುತ್ತಿದ್ದಳು.

ಹಾಗೆ ತಿನ್ನುತ್ತಾ ತಿನ್ನುತ್ತಾ ನಾನು ಆ ಊರಿಗೆ ಹೊಂದಿಕೊಂಡೆ. ಯಾವ ಕಡೆ ನೋಡಿ ರಸ್ತೆ ದಾಟಬೇಕು, ಶುಕ್ರವಾರ ಬೆಳಿಗ್ಗೆ ಯಾವ ಅಂಗಡಿ ತೆರೆದಿರುತ್ತದೆ ಎಲ್ಲ ತಿಳಿಯಿತು. ನರ ಒಂದೇ ಸಲಕ್ಕೆ ಸಿಗತೊಡಗಿತು. ಸಂಜೆ ಗಂಜಿ ಮತ್ತು ಆ ಚಟ್ನಿ ಕಾದಿದೆ ಎಂಬುದೊಂದೇ ಧೈರ್ಯದಲ್ಲಿ ಹಗಲು ದಾಟುತ್ತಿದ್ದೆ. ಮೂರನೇ ವಾರ ನೋಡುತ್ತೇನೆ, ಬಾಟಲಿ ಅರ್ಧ! ಅರ್ಧ ಬಾಟಲಿಯನ್ನು ಯಾವ ಮುಖ ಇಟ್ಟುಕೊಂಡು ಕೊಡುವುದು? ಅರ್ಧ ಕೊಡುವುದಕ್ಕಿಂತ ಇಲ್ಲವೇ ಇಲ್ಲ ಎನ್ನುವುದು ಸುಲಭ ಎಂದು ನನ್ನ ಹಾಳು ಬುದ್ಧಿಗೆ ಹೊಳೆಯಿತು. ಉಳಿದದ್ದನ್ನೂ ತಿಂದು ಮುಗಿಸಿದೆ.

ತಿಂಗಳ ಕೊನೆಗೆ ಅಣ್ಣ ಲೋಡು ತೆಗೆದುಕೊಂಡು ಮಸ್ಕತ್ತಿಗೆ ಬಂದ. ಕ್ಲಿನಿಕ್ಕಿನ ಹತ್ತಿರದ ಚಾದ ಅಂಗಡಿಯಲ್ಲಿ ಕುಳಿತೆವು. ಅವನು ಕೇಳುವ ಮೊದಲೇ ನಾನು ಹೇಳಿದೆ: "ಅಣ್ಣ, ಏರ್‌ಪೋರ್ಟಿನಲ್ಲಿ ಚಟ್ನಿ ಬಾಟಲಿ ತೆಗೆದು ಬಿಸಾಡಿದರು."

"ಅಯ್ಯೋ, ನಮ್ಮ ಅಮ್ಮನಿಂದಾಗಿ ನಿನಗೆ ಬೈಗಳು ಬಿತ್ತಾ ಮಾರಾಯ್ತಿ?" ಎಂದ ಪುಣ್ಯಾತ್ಮ. ಅಷ್ಟೇ ಅಲ್ಲ, ನನಗೆ ಗಂಜಿ ಬೇಯಿಸಲೆಂದು ಒಂದು ಸಣ್ಣ ಕುಕ್ಕರ್ ತಂದಿದ್ದ. "ಅಮ್ಮ ದಿನಾ ಫೋನ್ ಮಾಡಿ ಕೇಳ್ತಾರೆ. ಸಿಕ್ಕಿತು, ಫಸ್ಟ್ ಕ್ಲಾಸ್ ಉಂಟು ಅಂತ ಹೇಳಿಬಿಡ್ತೇನೆ. ನೀನೂ ಬಾಯಿ ಬಿಡಬೇಡ." ನನ್ನ ಕೆನ್ನೆಗೆ ಎರಡು ಬಾರಿಸಿದ್ದರೆ ಸಮಾಧಾನವಾಗುತ್ತಿತ್ತು. ಚಟ್ನಿ ನಿಜಕ್ಕೂ ಫಸ್ಟ್ ಕ್ಲಾಸ್ ಆಗಿತ್ತಲ್ಲ, ಮಾಮಿಗೆ ಮುಟ್ಟುವುದು ಸತ್ಯವೇ ತಾನೇ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ.

ವರ್ಷದ ಮೇಲೆ ರಜೆಯಲ್ಲಿ ಊರಿಗೆ ಹೋದಾಗ ಮಾಮಿ ಬಂದು ನನ್ನೆದುರು ಕುಳಿತರು. ಆ ಬಾಟಲಿಯ ನಂತರ ಅವರು ಮತ್ತೆ ಚಟ್ನಿ ಮಾಡಿರಲಿಲ್ಲವಂತೆ.

"ಅವನು ಹೊಗಳಿದ್ದು ಹೆಚ್ಚಾಯಿತು ಮಗಾ. ಮೊದಲೆಲ್ಲ ಹುಳಿ ಒಂದು ಚೂರು ಮುಂದೆ, ಬೆಳ್ಳುಳ್ಳಿ ಹಸಿ ಹಸಿ, ಹೀಗೆ ಒಂದಲ್ಲ ಒಂದು ತಪ್ಪು ಹುಡುಕುವವನು. ಈ ಸಲ ಬರೀ ಫಸ್ಟ್ ಕ್ಲಾಸ್, ಫಸ್ಟ್ ಕ್ಲಾಸ್. ನನಗೆ ಬೇಜಾರಾಗಬಾರದು ಅಂತ ಹೇಳುವುದು. ನಿನಗೂ ಸ್ವಲ್ಪ ಕೊಟ್ಟಿರಬೇಕಲ್ಲ? ನೀನು ಸತ್ಯ ಹೇಳು. ಹೇಗಿತ್ತು?"

ಅದು ಹೇಗಿತ್ತೆಂದು ಗೊತ್ತಿದ್ದದ್ದು ಪ್ರಪಂಚದಲ್ಲಿ ನನಗೊಬ್ಬಳಿಗೇ. ಆದರೆ ಮಾಮಿಗೆ ಎಲ್ಲ ತಿಳಿದುಹೋಗಿದೆ, ಬಾಯಿ ಬಿಡಿಸಲೆಂದೇ ಕೇಳುತ್ತಿದ್ದಾರೆ ಎಂದುಕೊಂಡೆ. "ಇಲ್ಲ ಮಾಮಿ, ನಾನು ರುಚಿ ನೋಡಲೇ ಇಲ್ಲ" ಎಂದುಬಿಟ್ಟೆ. ಅಣ್ಣ ಒಂದು ಚಮಚ ಕೊಟ್ಟ, ಚೆನ್ನಾಗಿತ್ತು ಎಂದಿದ್ದರೆ ಮುಗಿಯುತ್ತಿತ್ತು. ಬೇಡದ ಕಡೆ ಸರಾಗವಾಗಿ ಬಂದ ಸುಳ್ಳು, ಬೇಕಾದ ಕಡೆ ನನಗೆ ಹೊಳೆಯಲೇ ಇಲ್ಲ.

"ಹೌದಾ, ಆಗಲಿ" ಎಂದು ಮಾಮಿ ಎದ್ದು ಹೋದರು.

ನಾನು ವಾಪಸು ಹೊರಡುವ ದಿನ ಗುರುವಾಯನಕೆರೆಯ ಅಂಗಡಿಯಿಂದ ತರಿಸಿದ ಸಿಗಡಿ ಚಟ್ನಿಯ ಪ್ಯಾಕೆಟ್ ತಂದುಕೊಟ್ಟರು. "ಅಂಗಡಿಯದ್ದಾದರೆ ಉಪ್ಪು ಹೆಚ್ಚುಕಮ್ಮಿ ಆಗುವುದಿಲ್ಲ ಮಗಾ" ಎಂದರು. ತೆಗೆದುಕೊಂಡು ಬ್ಯಾಗಿಗೆ ಹಾಕಿದೆ.

ಅದೇ ಚಾದ ಅಂಗಡಿಯಲ್ಲಿ ಅಣ್ಣ ಪ್ಯಾಕೆಟ್ಟನ್ನು ಹಿಂದೆಮುಂದೆ ತಿರುಗಿಸಿ ನೋಡಿದ. "ಅಮ್ಮ ಮಾಡಲಿಲ್ಲವಾ? ಹುಷಾರಿಲ್ಲವಾ?" ಎಂದು ಗಾಬರಿಯಿಂದ ಕೇಳಿದ. ಇನ್ನು ತಡೆದುಕೊಳ್ಳಲಾಗಲಿಲ್ಲ. ಮೊದಲ ಚಮಚದಿಂದ ಹಿಡಿದು ಮಾಮಿಯ ಎದುರು ಹೇಳಿದ ಸುಳ್ಳಿನವರೆಗೆ ಎಲ್ಲವನ್ನೂ ಹೇಳಿದೆ.

ಅವನು ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟ. "ಪೂರ್ತಿ ಬಾಟಲಿಯಾ?"

"ಪೂರ್ತಿ."

"ಹೇಗಿತ್ತು?"

"ಎಲ್ಲ ಸರಿ ಇತ್ತು ಅಣ್ಣ. ಉಪ್ಪು, ಹುಳಿ ಎಲ್ಲ."

ಅವನು ಊರಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟ. "ನನಗೆ ಹೇಳಿ ಏನು ಪ್ರಯೋಜನ? ಅಲ್ಲಿ ಹೇಳು."

ಹೇಳಿದೆ. ಕದ್ದು ತಿಂದದ್ದು, ರುಚಿ ಹಿಡಿಸಿದ್ದು, ತಟ್ಟೆ ನೆಕ್ಕಿದ್ದು, ಉಪ್ಪು ಒಂದು ಹರಳೂ ಹೆಚ್ಚುಕಮ್ಮಿ ಇರಲಿಲ್ಲ ಎಂಬುದು, ಎಲ್ಲ. ಮಧ್ಯೆ ಅಳು ಬಂತು. ಮಾಮಿ ಕೊನೆಯವರೆಗೆ ಕೇಳಿಸಿಕೊಂಡರು.

"ಅವನು ಪಕ್ಕದಲ್ಲೇ ಇದ್ದಾನಾ?" ಎಂದರು.

"ಹೌದು ಮಾಮಿ."

"ಹಾಗೆ ಹೇಳು ಅಂತ ಹೇಳಿಕೊಟ್ಟದ್ದು ಅವನೇ ಅಲ್ಲವಾ? ರುಚಿ ನೋಡಲಿಲ್ಲ ಅಂತ ನೀನು ನನ್ನ ಎದುರೇ ಕುಳಿತು ಹೇಳಿದ್ದಿ ಮಗಾ, ನನಗೆ ನೆನಪುಂಟು. ಇರಲಿ, ಅಳಬೇಡ. ಒಳ್ಳೆಯ ಮಕ್ಕಳು ನೀವಿಬ್ಬರೂ" ಎಂದು ಫೋನ್ ಇಟ್ಟರು.