ಹಿಂದಿನ ಸ್ಟಾಪಿನ ಸೇವಂತಿಗೆ

ಏ ಎದುರು ಮನೆಯವ್ರೇ, ಬೀದಿ ದಾಟ್ತಿರೋರೇ, ಸ್ವಲ್ಪ ನಿಂತು ಕೇಳಿ! ನಮ್ಮ ಕಂಡಕ್ಟರ್ ತಾತ ನಿವೃತ್ತರಾದರೂ ಅವರ ಗಂಟಲು ಇನ್ನೂ ನಿವೃತ್ತವಾಗಿಲ್ಲ. ಚಳಿ ಶುರುವಾಗಿ ಹಿತ್ತಲಲ್ಲಿ ಹೂ ಬಿಡತೊಡಗಿತೆಂದರೆ, ಬೆಳಗಾಗುತ್ತಲೇ ಮಫ್ಲರ್ ಸುತ್ತಿಕೊಂಡು ಕುಂಡಗಳ ನಡುವೆ ನುಗ್ಗಿ, "ಚೆಂಡುಹೂವೇ, ಒಳಗೆ ಸರಿಯಮ್ಮಾ, ಹಿಂದಿನವ್ರಿಗೆ ಬಿಸಿಲು ಬೇಡ್ವಾ?" ಎಂದು ಬೀದಿಗೆಲ್ಲ ಕೇಳುವಂತೆ ಗದರುತ್ತಾರೆ. ಯಾರಾದರೂ ಹೂವಿಗೆ ಕೈ ಹಾಕಿದರೆ, "ಓಡೋ ಬಸ್ಸಿಂದ ಯಾರನ್ನೂ ಇಳಿಸಲ್ಲ!" ಎನ್ನುತ್ತಾರೆ. ಆ ಕೂಗೆಲ್ಲ ಕಿಟಕಿಯೊಳಗೆ ಹಾಸಿಗೆ ಹಿಡಿದಿರುವ ಅಜ್ಜಿಗೆ ಹಿತ್ತಲ ಸುದ್ದಿ ಕೇಳಿಸಲಿ ಎಂದು ಅಂತ ನಮಗೆ ತಿಳಿದದ್ದು ತಡವಾಗಿ. ಅಜ್ಜಿ ಆಸೆಪಟ್ಟರೆಂದು ತಾತನೇ ಬಿಳಿ ಸೇವಂತಿಗೆಯ ಕಡ್ಡಿ ತಂದು ನೆಟ್ಟಿದ್ದರು. "ಬಂತಾ?" ಎಂದು ಅಜ್ಜಿ ದಿನವೂ ಕೇಳುವುದು, "ಹಿಂದಿನ ಸ್ಟಾಪಲ್ಲಿದೆ ಕಣೇ" ಎಂದು ತಾತ ಹೇಳುವುದು. ಇವತ್ತು ಮೊಗ್ಗು ಬಿರಿಯಿತು, ನೋಡಿದರೆ ಹಳದಿ! ತಾತ ಕೂಗಲಿಲ್ಲ. ಕಿಟಕಿಯ ಹತ್ತಿರ ಹೋಗಿ, "ಬೇರೆ ಕಡ್ಡಿ ನೆಟ್ಟುಬಿಟ್ಟಿದೀನಿ ಕಣೇ" ಎಂದರು. ಅಜ್ಜಿ ಎಷ್ಟೋ ತಿಂಗಳ ಮೇಲೆ ಕೆಮ್ಮು ಬರುವಷ್ಟು ನಕ್ಕರು: "ಜೀವಮಾನವೆಲ್ಲ ಬಸ್ಸಲ್ಲಿದ್ದು ಬೋರ್ಡ್ ನೋಡದೆ ಹತ್ತಿಸಿದ್ರಾ? ಬಂದಿದ್ದನ್ನ ಒಳಗೆ ಕರ್ಕೊಂಡು ಬನ್ನಿ." ಸಂಜೆ ತಾತ ಕುಂಡವನ್ನೇ ತಬ್ಬಿಕೊಂಡು ಒಳಗೆ ತಂದು, ಅಜ್ಜಿಯ ದಿಂಬಿನ ಪಕ್ಕದಲ್ಲಿಟ್ಟು, ಸ್ಟಾಪ್ ಬಂದಾಗ ಬಸ್ ನಿಲ್ಲಿಸಲು ಕೂಗುತ್ತಿದ್ದ ಮಾತನ್ನೇ ಮೆಲ್ಲಗೆ, "ಹೋಲ್ಡಾನ್" ಎಂದರು.