ನಡುಹೊಳೆಯ ಉಸುಕು

ಎದುರುಮನೆಯವರು ಗೋಡೆಗೆ ಗಿಲಾಯಿ ಮಾಡಿಸಲೆಂದು ಒಂದು ಟ್ರ್ಯಾಕ್ಟರ್ ಉಸುಕು ಇಳಿಸಿದ್ದಾರೆ. ನಿನ್ನೆ ಅದರ ಮೇಲೆ ನೀರು ಬಿದ್ದು ಎದ್ದ ಹಸಿ ವಾಸನೆಗೆ ನನ್ನ ಅಂಗಾಲುಗಳು ತಣ್ಣಗಾದವು. ಇಷ್ಟು ವರ್ಷಗಳಾದ ಮೇಲೂ… ಕೂತಲ್ಲೇ ಅಂಬಿಗರ ಕಾಕಾ ನೆನಪಾದರು.

ಸ್ವಾತಂತ್ರ್ಯ ಬರುವ ಮೊದಲಿನ ಮಾತು. ಹುಕ್ಕೇರಿ ಸೀಮೆಯ ಆ ಊರಿಗೆ ನಾನು ಸೊಸೆಯಾಗಿ ಬಂದಾಗ ಘಟಪ್ರಭೆಗೆ ಅಲ್ಲಿ ಸೇತುವೆ ಇರಲಿಲ್ಲ. ಮಳೆಗಾಲದಲ್ಲಿ ಕಾಕಾನ ಹರಿಗೋಲು, ದೀಪಾವಳಿ ಕಳೆದು ನೀರಿಳಿದರೆ ಕಾಲ್ನಡಿಗೆ. ಆದರೆ ಕಾಕಾ ಇಳಿಯುವ ಮೊದಲು ಯಾರೂ ಹೊಳೆಗೆ ಕಾಲಿಡುತ್ತಿರಲಿಲ್ಲ. ಅವರು ಬರಿಗಾಲಲ್ಲಿ ತಳ ತಡವುತ್ತ ನಡೆದು, ಗಟ್ಟಿ ಸಿಕ್ಕಲ್ಲೆಲ್ಲ ಎರಡೂ ಬದಿಗೆ ಲಕ್ಕಿ ಗಿಡದ ಟೊಂಗೆ ನೆಡುತ್ತ ಆಚೆ ದಂಡೆ ಮುಟ್ಟುತ್ತಿದ್ದರು. ಆ ಎರಡು ಸಾಲಿನ ನಡುವೆ ಊರೆಲ್ಲ ಕಣ್ಣುಮುಚ್ಚಿ ದಾಟುತ್ತಿತ್ತು.

ನಮ್ಮ ಹಿತ್ತಲ ಬದಿಯ ದಂಡೆಯನ್ನು ಹೊಳೆ ವರ್ಷವರ್ಷ ತಿನ್ನುತ್ತಿತ್ತು. ಒಂದು ಬೇಸಿಗೆ ನನ್ನ ಮಾವನವರು ಹಟಕ್ಕೆ ಬಿದ್ದು, ನಡುಹೊಳೆಯ ಉಸುಕು ತೋಡಿಸಿ ದಂಡೆಗೆ ಸುರುವಲು ಬಂಡಿ ಕಟ್ಟಿಸಿದರು. ಕಾಕಾ ಮನೆ ಬಾಗಿಲಿಗೇ ಬಂದರು.

"ಬ್ಯಾಡ್ರಿ ಸಾವ್ಕಾರ್ರ."

"ಯಾಕೋ? ಹೊಳಿ ಉಸುಕು ಹೊಳಿ ದಂಡಿಗೇ ಹಾಕಿದ್ರ ಹೊಳಿಗೇನ್ ಹೊಟ್ಟಿ ನೋಯ್ತೈತಿ?"

"ನಿಮ್ಮ ಹೊಟ್ಟಿ ಕೊಯ್ದು ನಿಮ್ಮ ಬೆನ್ನಿಗಿ ಹಚ್ಚಿದ್ರ ನಿಮಗ ನೋಯೂದಿಲ್ಲೇನ್ರಿ? ತೋಡಿದ ಕುಣಿ ಹೊಳಿ ಖಾಲಿ ಬಿಡೂದಿಲ್ರಿ. ಎಲ್ಲಿಂದರ ತಂದು ತುಂಬ್ತೈತಿ."

ಕಟ್ಟೆಯ ಮೇಲಿದ್ದವರು ನಕ್ಕರು. ಮಾವನವರು ನಗಲಿಲ್ಲ. ಬಂಡಿಗಳು ಹೊಳೆಗಿಳಿದವು.

ಆ ಉಸುಕಿನಲ್ಲೇ ನಾವು ಹೆಂಗಸರು ವರತೆ ತೋಡಿ ಕುಡಿಯುವ ನೀರು ತುಂಬುತ್ತಿದ್ದೆವು. ಬಂಡಿ ಇಳಿದ ಎರಡೇ ದಿನಕ್ಕೆ ವರತೆಯ ನೀರು ರಾಡಿಯಾಯಿತು. ಗುದ್ದಲಿಗೆ ಸಿಕ್ಕ ಆಮೆಯ ಮೊಟ್ಟೆಗಳು ಬಿಸಿಲಿಗೆ ಒಡೆದು ನಾರಿದವು. ಹಕ್ಕಿಗಳು ದಿನವಿಡೀ ತಲೆಯ ಮೇಲೆ ಅರಚುತ್ತ ಸುತ್ತಿದವು. ನನಗೆ ಆಗಲೇ ಯಾಕೋ ಅಂಜಿಕೆ… ಆ ಮಳೆಗಾಲದ ಮೊದಲ ಮಹಾಪೂರಕ್ಕೇ ಉಸುಕು ಸುರುವಿದ ಆ ದಂಡೆ ಬೆಲ್ಲದ ಹಾಗೆ ಕರಗಿಹೋಯಿತು.

ಚಳಿಗಾಲಕ್ಕೆ ನನಗೆ ಏಳು ತಿಂಗಳು ತುಂಬಿ, ಚೊಚ್ಚಲ ಬಾಣಂತನಕ್ಕೆ ಕರೆದೊಯ್ಯಲು ಅವ್ವ ಬಂದಳು. ಹೊಳೆಯ ತಳ ಮೊದಲಿನಂತೆಯೇ ಸಮನಾಗಿ ಕಾಣುತ್ತಿತ್ತು. ಅಂದು ಬೆಳಿಗ್ಗೆಯಷ್ಟೇ ಕಾಕಾ ಟೊಂಗೆ ನೆಟ್ಟಿದ್ದರು. ಅವ್ವ ಹರಿಗೋಲು ಕೇಳಿದ್ದಕ್ಕೆ, "ಮೊಳಕಾಲಮಟ ನೀರಿಗಿ ಹರಗೋಲ್ಯಾಕ್ರಿ ಅಕ್ಕಾರ? ಒಳಗಿನ ಕೂಸು ನಗತೈತಿ!" ಎಂದು ತಾವೇ ಮುಂದೆ ನಡೆದರು.

ನಡುಹೊಳೆಯಲ್ಲಿ ನನ್ನ ಕಾಲ ಕೆಳಗೆ ಉಸುಕು ಅಲುಗಿತು. ನೋಡುನೋಡುತ್ತ ಬದಿಯ ಟೊಂಗೆ ವಾಲಿ, ನಿಂತಲ್ಲೇ ಕುಸಿದು, ಕಾಣದಾಯಿತು. ನೀರು ಸೊಂಟಕ್ಕೆ ಬಂತು, ಆಮೇಲೆ ಎದೆಗೆ. ಕಾಲಿಗೆ ತಳವೇ ಇಲ್ಲ. ಹೊಟ್ಟೆಯೊಳಗೆ ಕೂಸು ಒಮ್ಮೆ ಜೋರಾಗಿ ಒದ್ದು ಸುಮ್ಮನಾಯಿತು… ಆ ಸುಮ್ಮನಾದದ್ದಕ್ಕೆ ನಾನು ಅಂಜಿದಷ್ಟು ನೀರಿಗೂ ಅಂಜಿರಲಿಲ್ಲ.

"ಕೈ ಕೊಡವ್ವಾ! ಕೈ ಕೊಡ!"

ಕಾಕಾ ಹಿಂದೆ ತಿರುಗಿ ಕುಣಿಗೇ ಹಾರಿದ್ದರು. ತಾವು ಕುತ್ತಿಗೆಯವರೆಗೆ ಮುಳುಗಿ ನನ್ನನ್ನು ಅವ್ವನ ಕಡೆ ನೂಕಿದರು. ಅವರನ್ನು ಹಗ್ಗ ಎಸೆದು ಎಳೆಯಬೇಕಾಯಿತು.

ದಂಡೆಯ ಮೇಲೆ ಜನ ಸೇರಿದರು. "ಮುದುಕನ ಕಾಲ ಹೋದುವು, ಇನ್ನ ಇವನ್ನ ನಂಬಬ್ಯಾಡ್ರಿ," ಎಂದರು ಮಾವನವರು. ಬಂಡಿಗಳಿಗೆ ಉಸುಕು ತೋಡಿದ್ದೂ ಅದೇ ಜಾಗದಲ್ಲಿ. ಸುತ್ತಲಿನ ಉಸುಕು ಜಾರಿ ಬಂದು ಆ ಕುಣಿಯನ್ನು ಮೇಲೆ ಮೇಲೆ ಮುಚ್ಚಿತ್ತು, ತಡವುವ ಕಾಲಿಗೆ ಗಟ್ಟಿ ಎನಿಸಿದರೂ ಒಳಗೆ ಇನ್ನೂ ಗಟ್ಟಿಯಾಗಿರಲಿಲ್ಲ. ಅಲ್ಲಿದ್ದ ಎಲ್ಲರಿಗೂ ಇದು ಗೊತ್ತಿತ್ತು.

ಕಾಕಾ ನಡುಗುತ್ತಲೇ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. "ನೀ ಹೇಳವ್ವಾ. ಸಾಲ ಬಿಟ್ಟ ಆಚಿ ಕಾಲ ಇಟ್ಟಿದ್ದೇನು? ಏನ ಆತು, ನೀನ ಹೇಳು."

ನಾನು ಮಾವನವರ ಮುಖ ನೋಡಿದೆ. ತಲೆ ತಗ್ಗಿಸಿದೆ.

ಕಾಕಾ ಎದ್ದು ಹೊಳೆಗಿಳಿದು, ಉಳಿದ ಟೊಂಗೆಗಳನ್ನು ಒಂದೊಂದಾಗಿ ಕಿತ್ತು ನೀರಿಗೆ ಬಿಟ್ಟರು. ಸಂಕ್ರಾಂತಿಯ ಹೊತ್ತಿಗೆ ಅವರ ಮನೆಗೆ ಕೀಲಿ ಬಿದ್ದಿತ್ತಂತೆ. ಗೋಕಾಕದ ಕಡೆ ಗಿರಣಿ ಕೆಲಸಕ್ಕೆ ಹೋದರು ಎಂದರು… ಖರೆಯೋ ಸುಳ್ಳೋ. ನಾನು ಮಗಳನ್ನು ಎತ್ತಿಕೊಂಡು ಮರಳಿದಾಗ ಬೇರೊಬ್ಬ ಅಂಬಿಗನಿದ್ದ.

ಈಗ ಮಾವನವರಿಲ್ಲ, ನನ್ನ ಯಜಮಾನರೂ ಇಲ್ಲ. ಕುಸಿದದ್ದು ಬಂಡಿಯವರು ತೋಡಿದ ಕುಣಿಯೇ ಎಂಬ ಆ ಮಾತು ಆಡಲು ಯಾರ ಅಂಜಿಕೆಯೂ ಉಳಿದಿಲ್ಲ. ಅಂಬಿಗರ ಕಾಕಾನೂ ಎಲ್ಲೋ ಯಾವಾಗಲೋ ತೀರಿಕೊಂಡಿರಬೇಕು, ತಪ್ಪು ತನ್ನದೇ ಎಂದುಕೊಂಡೇ.